ದೂರದ ಕುಳಿ, ಧ್ರುವದ ಹಿಮ

ನಿಮ್ಮ ಮನೆಯ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ತೆರೆದು ನೋಡಿ. ಅಲ್ಲಿ ಹಿಮ ಎಲ್ಲ ಕಡೆ ಒಂದೇ ಸಮನಾಗಿ ಕಟ್ಟಿರುವುದಿಲ್ಲ. ಒಂದು ಮೂಲೆಯಲ್ಲಿ ಬೆರಳು ದಪ್ಪ, ಇನ್ನೊಂದು ಬದಿಯಲ್ಲಿ ತೆಳುವಾದ ಬಿಳಿ ಪುಡಿ, ಮತ್ತೊಂದು ಕಡೆ ಏನೂ ಇಲ್ಲ. ತಂಪು ಎಲ್ಲೆಡೆಯೂ ಇದೆ. ಆದರೆ ತೇವದ ಗಾಳಿ ಎಲ್ಲಿಂದ ಒಳಗೆ ನುಸುಳುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವಲಂಬಿಸಿ ಹಿಮ ಕೂಡುತ್ತದೆ. ಹಿಮ ಕಟ್ಟಲು ಚಳಿಯೊಂದೇ ಸಾಲದು, ಗಾಳಿಗೆ ಸಿಕ್ಕ ದಾರಿಯೂ ಮುಖ್ಯ.

ಈ ಮಾತು ಒಂದು ಇಡೀ ಗ್ರಹಕ್ಕೂ ಅನ್ವಯಿಸುತ್ತದೆ ಎಂದರೆ ನೀವು ನಂಬುವಿರಾ? ನಮ್ಮ ನೆರೆಯ ಮಂಗಳ ಗ್ರಹದ ದಕ್ಷಿಣ ಧ್ರುವದಲ್ಲಿ ಹಿಮ ಎಲ್ಲಿ ಉಳಿಯಬೇಕು, ಎಲ್ಲಿ ಕರಗಿ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಒಂದು ದೊಡ್ಡ ಕುಳಿ! ನೆಲದ ಆಕಾರ ಗಾಳಿಯನ್ನು ತಿರುಗಿಸುತ್ತದೆ, ಗಾಳಿ ಹಿಮವನ್ನು ಹಂಚುತ್ತದೆ. ಈ ಕಥೆಯನ್ನು ತಿಳಿದರೆ ನಮ್ಮ ಊರಿನ ಗುಡ್ಡ-ಬೆಟ್ಟಗಳನ್ನು ನೋಡುವ ನಮ್ಮ ದೃಷ್ಟಿಯೂ ತುಸು ಬದಲಾಗಬಹುದು.

ಕೆಂಪು ಗ್ರಹದ ಬಿಳಿ ಟೊಪ್ಪಿಗೆ

ಮಂಗಳನನ್ನು ಅರಬಿ ಭಾಷೆಯಲ್ಲಿ ಅಲ್-ಮಿರ್ರೀಖ್ ಎನ್ನುತ್ತಾರೆ. ರಾತ್ರಿಯ ಆಕಾಶದಲ್ಲಿ ಮಿನುಗದೆ ಕೆಂಪಗೆ ಹೊಳೆಯುವ ಈ ಗ್ರಹವನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಅದರ ವ್ಯಾಸ ಸುಮಾರು 6,780 ಕಿ.ಮೀ., ಅಂದರೆ ಭೂಮಿಯ ಅರ್ಧಕ್ಕಿಂತ ತುಸು ಹೆಚ್ಚು. ಅಲ್ಲಿನ ಹಗಲು-ರಾತ್ರಿ ಸೇರಿ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ದೊಡ್ಡದು. ವರ್ಷವಂತೂ ನಮ್ಮ 687 ದಿನಗಳಷ್ಟು ಉದ್ದ. ಭೂಮಿಯಂತೆಯೇ ಮಂಗಳವೂ ಓರೆಯಾಗಿ ನಿಂತು ಸುತ್ತುವುದರಿಂದ ಅಲ್ಲಿಯೂ ಬೇಸಿಗೆ, ಚಳಿಗಾಲಗಳಿವೆ.

ಭೂಮಿಯಂತೆಯೇ ಮಂಗಳದ ಎರಡೂ ತುದಿಗಳಲ್ಲಿ ಬಿಳಿ ಹಿಮದ ಟೊಪ್ಪಿಗೆಗಳಿವೆ. 1666ರಲ್ಲಿ ಕಸ್ಸಿನಿ ಎಂಬ ಖಗೋಳಜ್ಞ ದೂರದರ್ಶಕದ ಮೂಲಕ ಈ ಬಿಳಿ ಮಚ್ಚೆಗಳನ್ನು ಕಂಡನು. 1719ರಲ್ಲಿ ಮರಾಲ್ಡಿ ಎಂಬವನು ಒಂದು ವಿಚಿತ್ರವನ್ನು ಗುರುತಿಸಿದನು. ದಕ್ಷಿಣದ ಬಿಳಿ ಟೊಪ್ಪಿಗೆ ಧ್ರುವದ ನಡುನೆತ್ತಿಯ ಮೇಲೆ ಕುಳಿತಿಲ್ಲ, ಒಂದು ಬದಿಗೆ ಸರಿದಿದೆ! ಅವಸರದಲ್ಲಿ ಹಾಕಿಕೊಂಡ ಟೊಪ್ಪಿಯಂತೆ ಅದು ಓರೆ. ಇಂದಿನ ಅಳತೆಯ ಪ್ರಕಾರ ಬೇಸಿಗೆಯಲ್ಲೂ ಉಳಿಯುವ ದಕ್ಷಿಣದ ಹಿಮದ ನಡುಬಿಂದು ಧ್ರುವದಿಂದ ಸುಮಾರು 3 ಡಿಗ್ರಿ, ಅಂದರೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಆಚೆಗಿದೆ.

ಇದೇಕೆ ಹೀಗೆ? ಅತ್ಯಂತ ಚಳಿ ಇರಬೇಕಾದದ್ದು ಧ್ರುವಬಿಂದುವಿನಲ್ಲಿ. ಹಿಮವೂ ಅದರ ಸುತ್ತ ದುಂಡಗೆ ಹರಡಿರಬೇಕಿತ್ತು. ಈ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆಯಲು ಮರಾಲ್ಡಿಯ ಕಾಲದಿಂದ ಹೆಚ್ಚುಕಡಿಮೆ ಮುನ್ನೂರು ವರ್ಷಗಳೇ ಬೇಕಾದವು.

ಗಾಳಿಯೇ ಹಿಮವಾಗುವ ನಾಡು

ಉತ್ತರವನ್ನು ಅರಿಯುವ ಮೊದಲು ಮಂಗಳದ ಹಿಮ ಎಂದರೇನು ಎಂದು ತಿಳಿಯಬೇಕು. ನಮ್ಮ ಹಿಮಾಲಯದಲ್ಲಿ ಬೀಳುವುದು ನೀರಿನ ಹಿಮ. ಮಂಗಳದಲ್ಲಿ ನೀರಿನ ಮಂಜುಗಡ್ಡೆಯೂ ಇದೆ, ಅದರ ಜೊತೆಗೆ ಇಂಗಾಲದ ಡೈಆಕ್ಸೈಡಿನ ಹಿಮವೂ ಇದೆ. ನಾವು ಉಸಿರು ಬಿಡುವಾಗ ಹೊರಬರುವ, ಸೋಡಾ ಬಾಟಲಿಯಲ್ಲಿ ಗುಳ್ಳೆಯಾಗಿ ಏಳುವ ಅನಿಲವೇ ಇದು. ಇದು ಗಟ್ಟಿಯಾದಾಗ 'ಡ್ರೈ ಐಸ್' ಎಂದು ಕರೆಯುತ್ತಾರೆ. ಸಭಾಂಗಣಗಳ ವೇದಿಕೆಯಲ್ಲಿ ಬಿಳಿ ಹೊಗೆ ಹರಿಸಲು ಬಳಸುವುದು ಇದನ್ನೇ. ಇದು ಕರಗಿ ನೀರಾಗುವುದಿಲ್ಲ. ಕರ್ಪೂರದಂತೆ ಗಟ್ಟಿ ರೂಪದಿಂದ ನೇರವಾಗಿ ಅನಿಲವಾಗುತ್ತದೆ.

ಮಂಗಳದ ವಾತಾವರಣದ ಶೇಕಡಾ 95ರಷ್ಟು ಭಾಗ ಈ ಅನಿಲವೇ. ಆದರೆ ಒಟ್ಟು ಗಾಳಿ ಬಹಳ ತೆಳು. ಅದರ ಒತ್ತಡ ನಮ್ಮ ಭೂಮಿಯ ಒತ್ತಡದ ನೂರನೇ ಒಂದು ಭಾಗಕ್ಕೂ ಕಡಿಮೆ. ಚಳಿಗಾಲದಲ್ಲಿ ಧ್ರುವದ ಮೇಲೆ ತಿಂಗಳುಗಟ್ಟಲೆ ಸೂರ್ಯ ಮೂಡುವುದಿಲ್ಲ. ಉಷ್ಣತೆ ಸೊನ್ನೆಗಿಂತ ಸುಮಾರು 125 ಡಿಗ್ರಿ ಕೆಳಗಿಳಿಯುತ್ತದೆ. ಆಗ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆ! ಗ್ರಹದ ಒಟ್ಟು ಗಾಳಿಯ ಸುಮಾರು ಕಾಲು ಭಾಗ ಹೀಗೆ ಚಳಿಗಾಲದಲ್ಲಿ ಹಿಮವಾಗಿ ಕೂರುತ್ತದೆ, ವಸಂತ ಬಂದಾಗ ಮತ್ತೆ ಗಾಳಿಯಾಗಿ ಏಳುತ್ತದೆ. 1976ರಲ್ಲಿ ಮಂಗಳದ ಮೇಲಿಳಿದ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಋತುವಿನಿಂದ ಋತುವಿಗೆ ಗಾಳಿಯ ಒತ್ತಡ ಏರಿಳಿಯುವುದನ್ನು ಅಳೆದು ತೋರಿಸಿದವು. ಒಂದು ಇಡೀ ಗ್ರಹ ವರ್ಷಕ್ಕೊಮ್ಮೆ ಉಸಿರು ಎಳೆದು ಬಿಟ್ಟಂತೆ!

ಸಮುದ್ರವಿಲ್ಲದ ನೆಲ

ನಮ್ಮ ಭೂಮಿಯ ಹವಾಮಾನದ ದೊಡ್ಡ ಯಜಮಾನ ಸಮುದ್ರ. ಹಗಲಿನ ಬಿಸಿಯನ್ನು ನುಂಗಿ ರಾತ್ರಿ ನಿಧಾನವಾಗಿ ಬಿಡುವುದು, ಮೋಡಗಳಿಗೆ ನೀರು ಕೊಡುವುದು, ಬಿಸಿ-ತಂಪನ್ನು ಸಮತೋಲನದಲ್ಲಿಡುವುದು ಎಲ್ಲವೂ ಅದರ ಕೆಲಸ. ಮಂಗಳೂರಿನಲ್ಲಿರುವವರಿಗೆ ಕಟುವಾದ ಚಳಿ ಗೊತ್ತಿಲ್ಲದಿರುವುದಕ್ಕೆ ಪಕ್ಕದಲ್ಲಿರುವ ಅರಬಿ ಸಮುದ್ರವೇ ಕಾರಣ.

ಇಂದಿನ ಮಂಗಳದಲ್ಲಿ ಸಮುದ್ರವಿಲ್ಲ. ಹೀಗಾಗಿ ಅಲ್ಲಿ ಯಜಮಾನಿಕೆ ನೆಲದ್ದು. ತೆಳು ಗಾಳಿ ನೆಲ ಬಿಸಿಯಾದ ಕೂಡಲೇ ಬಿಸಿಯಾಗುತ್ತದೆ, ನೆಲ ತಣಿದ ಕೂಡಲೇ ತಣಿಯುತ್ತದೆ. ಅಲ್ಲದೆ ಅಲ್ಲಿನ ನೆಲದ ಏರುತಗ್ಗುಗಳೂ ವಿಪರೀತ. ನಮ್ಮಲ್ಲಿ ಎವರೆಸ್ಟಿನ ತುದಿಯಿಂದ ಸಾಗರದ ಅತಿ ಆಳದ ತಳದವರೆಗೆ ಲೆಕ್ಕ ಹಾಕಿದರೂ 20 ಕಿ.ಮೀ. ಆಗುವುದಿಲ್ಲ. ಚಿಕ್ಕ ಗ್ರಹವಾದ ಮಂಗಳದಲ್ಲಿ ಅತಿ ಎತ್ತರದ ಬೆಟ್ಟದ ತುದಿಗೂ ಅತಿ ಆಳದ ಕುಳಿಯ ತಳಕ್ಕೂ ನಡುವೆ ಸುಮಾರು 30 ಕಿ.ಮೀ. ಅಂತರವಿದೆ. ಒಲಿಂಪಸ್ ಎಂಬ ಆರಿದ ಜ್ವಾಲಾಮುಖಿಯ ಎತ್ತರವೇ ಸುಮಾರು 22 ಕಿ.ಮೀ. ಗ್ರಹದ ದಕ್ಷಿಣಾರ್ಧ ಎತ್ತರದ ಒರಟು ನಾಡು, ಉತ್ತರಾರ್ಧ ತಗ್ಗಿನ ಸಪಾಟು ಬಯಲು. ಎರಡರ ನಡುವೆ ಸರಾಸರಿ ಐದು ಕಿಲೋಮೀಟರಿನಷ್ಟು ವ್ಯತ್ಯಾಸ.

ಇದನ್ನೆಲ್ಲ ಅಳೆದವರು ಯಾರು? ಸುಮಾರು ಸಾವಿರ ವರ್ಷಗಳ ಹಿಂದೆ ಅಲ್-ಬೀರೂನಿ ಎಂಬ ಮಹಾನ್ ವಿದ್ವಾಂಸರು ನಂದನ ಕೋಟೆಯ ಬಳಿಯ ಒಂದು ಬೆಟ್ಟದ ಎತ್ತರವನ್ನು ಅಳೆದು, ಅದರ ನೆತ್ತಿಯಿಂದ ದಿಗಂತ ಎಷ್ಟು ಬಾಗಿ ಕಾಣುತ್ತದೆ ಎಂದು ನೋಡಿ, ಭೂಮಿಯ ಗಾತ್ರವನ್ನೇ ಲೆಕ್ಕ ಹಾಕಿದ್ದರು. ಬೆಟ್ಟವೊಂದನ್ನು ಅಳೆದು ಗ್ರಹವನ್ನು ಅರಿಯುವ ಆ ಹಾದಿ ಮುಂದೆ ಬಹುದೂರ ಸಾಗಿತು. 1997ರಲ್ಲಿ ಮಂಗಳವನ್ನು ತಲುಪಿದ 'ಮಾರ್ಸ್ ಗ್ಲೋಬಲ್ ಸರ್ವೇಯರ್' ನೌಕೆ ಮೇಲಿನಿಂದ ಲೇಸರ್ ಕಿರಣ ಬಿಟ್ಟು, ಅದು ಮರಳಿ ಬರುವ ಸಮಯವನ್ನು ಎಣಿಸಿ, ಇಡೀ ಗ್ರಹದ ಏರುತಗ್ಗುಗಳ ನಕ್ಷೆಯನ್ನೇ ಬರೆಯಿತು. ಈ ನಕ್ಷೆ ಕೈಗೆ ಬಂದ ಬಳಿಕವೇ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಂಗಳದ ಗಾಳಿಯನ್ನು ನಿಜವಾದ ನೆಲದ ಮೇಲೆ ಬೀಸುವಂತೆ ಮಾಡಿ ನೋಡಲು ಸಾಧ್ಯವಾಯಿತು.

ಹೆಲ್ಲಾಸ್ ಎಂಬ ಮಹಾಕುಳಿ

ಮಂಗಳದ ದಕ್ಷಿಣಾರ್ಧದ ಪೂರ್ವ ಭಾಗದಲ್ಲಿ ಹೆಲ್ಲಾಸ್ ಎಂಬ ಕುಳಿಯಿದೆ. ಬಹು ಹಿಂದೆ ದೊಡ್ಡ ಕ್ಷುದ್ರಗ್ರಹವೊಂದು ಬಂದಪ್ಪಳಿಸಿದಾಗ ಉಂಟಾದದ್ದು. ಅದರ ಅಗಲ ಸುಮಾರು 2,300 ಕಿ.ಮೀ. ಕನ್ಯಾಕುಮಾರಿಯಿಂದ ಹೊರಟು ದೆಹಲಿ ತಲುಪುವಷ್ಟು ದೂರ! ಆಳ ಸುಮಾರು 7 ಕಿ.ಮೀ. ಆ ಆಳದಿಂದಾಗಿ ತಳದಲ್ಲಿ ಗಾಳಿಯ ಒತ್ತಡ ಗ್ರಹದ ಸರಾಸರಿಗಿಂತ ಎರಡು ಪಟ್ಟು.

ದಕ್ಷಿಣದ ಶರತ್ಕಾಲ ಮತ್ತು ಚಳಿಗಾಲದಲ್ಲಿ ಧ್ರುವವನ್ನು ಸುತ್ತುವರಿದು ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ನೆಲ ಸಪಾಟಾಗಿದ್ದರೆ ಈ ಗಾಳಿ ದುಂಡಗೆ ಸುತ್ತುತ್ತಲೇ ಇರುತ್ತಿತ್ತು, ಹಿಮವೂ ದುಂಡಗೆ ಕಟ್ಟುತ್ತಿತ್ತು. ಆದರೆ ದಾರಿಯಲ್ಲಿ ಹೆಲ್ಲಾಸ್ ಇದೆ. ಹೊಳೆಯ ನೀರು ದೊಡ್ಡ ಬಂಡೆಯನ್ನೋ ಹಠಾತ್ ಮಡುವನ್ನೋ ದಾಟುವಾಗ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ನೀರು ಮುಂದೆ ಹೋಗುತ್ತಲೇ ಇರುತ್ತದೆ, ಆದರೆ ಬಂಡೆಯ ಕೆಳಗಡೆ ಒಂದು ಅಲೆ ಮಾತ್ರ ಅದೇ ಜಾಗದಲ್ಲಿ ನಿಂತಿರುತ್ತದೆ. ಹಾಗೆಯೇ ಹೆಲ್ಲಾಸನ್ನು ದಾಟುವ ಗಾಳಿ ದಕ್ಷಿಣಕ್ಕೆ ತಿರುಗಿ, ಧ್ರುವದ ಸುತ್ತ ಒಂದು ದೈತ್ಯ ಅಲೆಯನ್ನು ಎಬ್ಬಿಸುತ್ತದೆ. ಅಲೆ ಕದಲುವುದಿಲ್ಲ, ಏಕೆಂದರೆ ಕುಳಿ ಕದಲುವುದಿಲ್ಲ.

ಈ ಅಲೆಯಿಂದಾಗಿ ಧ್ರುವದ ಪಶ್ಚಿಮ ಭಾಗದ ಮೇಲೆ ವಾಯುಭಾರ ಕುಸಿತ ಬೀಡು ಬಿಡುತ್ತದೆ. ಪೂರ್ವ ಭಾಗದ ಮೇಲೆ ಅಧಿಕ ಒತ್ತಡ ನೆಲೆಸುತ್ತದೆ. 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂದು ರೇಡಿಯೋದಲ್ಲಿ ಕೇಳಿದೊಡನೆ ನಾವು ಒಣಗಲು ಹಾಕಿದ ಬಟ್ಟೆಯನ್ನೂ ಹಪ್ಪಳವನ್ನೂ ಒಳಗೆ ತರುತ್ತೇವೆ. ಕುಸಿತವೆಂದರೆ ಮೋಡ, ಮಳೆ. ಅಧಿಕ ಒತ್ತಡವೆಂದರೆ ತಿಳಿಯಾದ ಆಕಾಶ. ಮಂಗಳದಲ್ಲೂ ನಿಯಮ ಅದೇ. ಪಶ್ಚಿಮದಲ್ಲಿ ಇಂಗಾಲದ ಡೈಆಕ್ಸೈಡಿನ ಮೋಡಗಳು ಕವಿದು ಹಿಮಪಾತವಾಗುತ್ತದೆ. ಪೂರ್ವದಲ್ಲಿ ಆಕಾಶದಿಂದ ಹಿಮ ಬೀಳುವುದಿಲ್ಲ. ನೆಲದ ಮೇಲಷ್ಟೇ ಇಬ್ಬನಿಯಂತೆ ಗಟ್ಟಿಯಾದ ಪದರ ಕಟ್ಟಿಕೊಳ್ಳುತ್ತದೆ.

2005ರಲ್ಲಿ ವಿಜ್ಞಾನಿಗಳ ತಂಡವೊಂದು ಕಂಪ್ಯೂಟರ್ ಲೆಕ್ಕಾಚಾರದ ಮೂಲಕ ಈ ವಿವರಣೆಯನ್ನು 'ನೇಚರ್' ಪತ್ರಿಕೆಯಲ್ಲಿ ಮಂಡಿಸಿತು. 2008ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ 'ಮಾರ್ಸ್ ಎಕ್ಸ್‌ಪ್ರೆಸ್' ನೌಕೆ ಅಲ್ಲಿನ ಗಾಳಿಯ ಉಷ್ಣತೆಯನ್ನು ಅಳೆದು ತಂದ ವಿವರಗಳು ಇದನ್ನು ಬೆಂಬಲಿಸಿದವು. ಮರಾಲ್ಡಿ ಕಂಡ ಓರೆ ಟೊಪ್ಪಿಗೆಯ ರಹಸ್ಯ ಧ್ರುವದಲ್ಲಿ ಇರಲೇ ಇಲ್ಲ. ಅದು ಸಾವಿರಾರು ಕಿಲೋಮೀಟರ್ ಆಚೆಯ ಒಂದು ಕುಳಿಯಲ್ಲಿತ್ತು!

ಪುಡಿ ಸಕ್ಕರೆ ಮತ್ತು ಕಲ್ಲುಸಕ್ಕರೆ

ಸರಿ, ಚಳಿಗಾಲದಲ್ಲಿ ಎರಡು ಕಡೆಯೂ ನೆಲವನ್ನು ಹಿಮ ಮುಚ್ಚಿತು. ಬೇಸಿಗೆಯಲ್ಲಿ ಒಂದು ಕಡೆಯದು ಮಾತ್ರ ಉಳಿಯುವುದೇಕೆ? ಇದರ ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ.

ಕಲ್ಲುಸಕ್ಕರೆಯ ತುಂಡನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಅದರೊಳಗೆ ಹಾದುಹೋಗುತ್ತದೆ. ಅದೇ ಕಲ್ಲುಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ. ಈಗ ಅದು ಹಾಲಿನಂತೆ ಬಿಳಿ! ವಸ್ತು ಒಂದೇ. ಆದರೆ ನುಣುಪಾದ ಹುಡಿ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ದೊಡ್ಡ ಹರಳು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಆಕಾಶದಿಂದ ಬಿದ್ದ ಹಿಮದ ಕಣಗಳು ಪುಡಿ ಸಕ್ಕರೆಯಂತೆ ನುಣುಪು. ಬೇಸಿಗೆಯ ಬಿಸಿಲು ಬಿದ್ದರೂ ಅವು ಬಹುಪಾಲು ಬೆಳಕನ್ನು ಹಿಂದಕ್ಕೆ ಕಳುಹಿಸಿ ತಣ್ಣಗೇ ಉಳಿಯುತ್ತವೆ. ನೆಲದ ಮೇಲೆ ಕಟ್ಟಿದ ಪದರದ ಕಣಗಳು ದೊಡ್ಡವು, ಒರಟು. ಅವು ಬಿಸಿಲನ್ನು ಹಿಡಿದಿಟ್ಟುಕೊಂಡು ಬೇಗನೆ ಆವಿಯಾಗುತ್ತವೆ. ಹೀಗೆ ಪಶ್ಚಿಮದ ಹಿಮ ಉಳಿಯುತ್ತದೆ, ಪೂರ್ವದ್ದು ಹೋಗುತ್ತದೆ, ಟೊಪ್ಪಿಗೆ ಓರೆಯಾಗುತ್ತದೆ. ಉಳಿದ ಆ ಹಿಮದ ಹಾಸು ಸುಮಾರು 400 ಕಿ.ಮೀ. ಅಗಲವಿದ್ದರೂ ಅದರ ಮೇಲಿನ ಡ್ರೈ ಐಸ್ ಪದರದ ದಪ್ಪ ಬರೀ 8 ಮೀಟರಿನಷ್ಟು. ಅದರ ಕೆಳಗೆ ನೀರಿನ ಮಂಜುಗಡ್ಡೆಯ ದಪ್ಪ ರಾಶಿಯಿದೆ.

ಪೂರ್ವ ಭಾಗದಲ್ಲಿ ವಸಂತಕಾಲದಲ್ಲಿ ನಡೆಯುವುದಂತೂ ಇನ್ನೂ ವಿಸ್ಮಯಕರ. ಅಲ್ಲಿ ಕೆಲವೆಡೆ ಗಾಜಿನಂತೆ ಪಾರದರ್ಶಕವಾದ ಹಿಮದ ಹಲಗೆ ಕಟ್ಟಿರುತ್ತದೆ. ಬಿಸಿಲು ಅದನ್ನು ತೂರಿ ಕೆಳಗಿನ ಕಪ್ಪು ನೆಲವನ್ನು ಬಿಸಿ ಮಾಡುತ್ತದೆ. ಹಿಮ ಕೆಳಗಿನಿಂದ ಆವಿಯಾಗತೊಡಗಿ, ಅನಿಲ ಹೊರಬರಲು ದಾರಿಯಿಲ್ಲದೆ ಕುಕ್ಕರಿನೊಳಗಿನ ಹಬೆಯಂತೆ ಒತ್ತಡ ಏರುತ್ತದೆ. ಕೊನೆಗೆ ಹಲಗೆ ಬಿರಿದು, ಧೂಳಿನೊಡನೆ ಅನಿಲ ಕಾರಂಜಿಯಂತೆ ಚಿಮ್ಮುತ್ತದೆ. ಅದು ಹಾದುಬಂದ ಹಾದಿ ನೆಲದಲ್ಲಿ ಜೇಡನ ಕಾಲುಗಳಂತೆ ಕೊರೆದಿರುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಈ 'ಜೇಡಗಳು' ಗುಂಪುಗುಂಪಾಗಿ ಕಾಣುತ್ತವೆ.

ಉತ್ತರದ ಕಥೆ ಬೇರೆ

ಉತ್ತರ ಧ್ರುವದ ಸುತ್ತ ಹೆಲ್ಲಾಸಿನಂತಹ ಕುಳಿಯಿಲ್ಲ, ವಿಶಾಲವಾದ ಸಪಾಟು ಬಯಲಿದೆ. ಆದ್ದರಿಂದ ಅಲ್ಲಿನ ಟೊಪ್ಪಿಗೆ ಹೆಚ್ಚುಕಡಿಮೆ ನಡುನೆತ್ತಿಯಲ್ಲೇ ಇದೆ. ಅದರ ಅಡ್ಡಳತೆ ಸುಮಾರು 1,000 ಕಿ.ಮೀ., ದಪ್ಪ ಎರಡು-ಮೂರು ಕಿ.ಮೀ. ಬೇಸಿಗೆಯಲ್ಲಿ ಅದರ ಮೇಲಿನ ಡ್ರೈ ಐಸ್ ಪೂರ್ತಿ ಆವಿಯಾಗಿ, ನೀರಿನ ಮಂಜುಗಡ್ಡೆ ಮಾತ್ರ ಉಳಿಯುತ್ತದೆ.

ಮೇಲಿನಿಂದ ನೋಡಿದರೆ ಈ ಟೊಪ್ಪಿಗೆ ಜಿಲೇಬಿಯ ಸುರುಳಿಯಂತೆ ಕಾಣುತ್ತದೆ. ಹಿಮದ ರಾಶಿಯೇ ಇಲ್ಲಿ ಒಂದು ಬೆಟ್ಟ. ಅದರ ನೆತ್ತಿಯಲ್ಲಿ ತಣಿದ ಭಾರವಾದ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಗ್ರಹ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಹೋಗದೆ ಬದಿಗೆ ಬಾಗುತ್ತದೆ. ಒಂದು ಇಳಿಜಾರಿನ ಹಿಮವನ್ನು ಕೆರೆದು ಎದುರಿನ ಇಳಿಜಾರಿನಲ್ಲಿ ಕೂರಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ನಡೆದು ಸುರುಳಿ ಕಣಿವೆಗಳು ಮೂಡಿವೆ. ನೆಲ ಗಾಳಿಯನ್ನು ತಿದ್ದಿತು, ಗಾಳಿ ಹಿಮವನ್ನು ತಿದ್ದಿತು, ಆ ಹಿಮವೇ ಬೆಟ್ಟವಾಗಿ ಮತ್ತೆ ಗಾಳಿಯನ್ನು ತಿದ್ದಿತು!

ಇನ್ನೂ ಸರಳವಾದ ಉದಾಹರಣೆ ಬೇಕೇ? ಉತ್ತರದ ಬಯಲಿನಲ್ಲಿ ಕೊರೊಲೆವ್ ಎಂಬ ಕುಳಿಯಿದೆ. ಅಗಲ ಸುಮಾರು 82 ಕಿ.ಮೀ. ಅದರ ನಡುವೆ ವರ್ಷವಿಡೀ ಸುಮಾರು 1.8 ಕಿ.ಮೀ. ದಪ್ಪದ ನೀರಿನ ಮಂಜುಗಡ್ಡೆ ಕರಗದೆ ನಿಂತಿದೆ. ಸುತ್ತಲಿನ ಬಯಲಿನ ಹಿಮ ಬೇಸಿಗೆಯಲ್ಲಿ ಹೋದರೂ ಇದು ಹೋಗುವುದಿಲ್ಲ. ಕಾರಣ ಅಂಗಡಿಯಲ್ಲಿ ಮೇಲಿನಿಂದ ತೆರೆಯುವ ಐಸ್‌ಕ್ರೀಮ್ ಪೆಟ್ಟಿಗೆಯನ್ನು ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮುಚ್ಚಳ ತೆರೆದರೂ ತಣ್ಣನೆಯ ಗಾಳಿ ಭಾರವಾದುದರಿಂದ ಪೆಟ್ಟಿಗೆಯೊಳಗೇ ಕೂತಿರುತ್ತದೆ. ಕುಳಿಯ ಅಂಚು ಪೆಟ್ಟಿಗೆಯ ಗೋಡೆಯಂತೆ ನಿಂತು ಮಂಜುಗಡ್ಡೆಯ ಮೇಲಿನ ತಣ್ಣನೆಯ ಗಾಳಿಯನ್ನು ಹೊರಗೆ ಹೋಗಗೊಡುವುದಿಲ್ಲ. ಆ ತಂಪು ಗಾಳಿಯೇ ಹಿಮಕ್ಕೆ ಹೊದಿಕೆ.

ಹೆಲ್ಲಾಸಿನ ಪೂರ್ವದ ಅಂಚಿನಲ್ಲಿ ಇನ್ನೊಂದು ಬಗೆಯ ಕಾವಲು ಇದೆ. ಅಲ್ಲಿನ ಬೆಟ್ಟಗಳ ಬುಡದಲ್ಲಿ ಕಲ್ಲುಮಣ್ಣಿನ ಪದರದಡಿ ನೂರಾರು ಮೀಟರ್ ದಪ್ಪದ ನೀರ್ಗಲ್ಲುಗಳು ಹೂತುಹೋಗಿರುವುದನ್ನು 2008ರಲ್ಲಿ ರೇಡಾರ್ ಪತ್ತೆಹಚ್ಚಿತು. ಮಂಜುಗಡ್ಡೆಯ ತುಂಡನ್ನು ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟರೆ ಬೇಗ ಕರಗದು ಎಂಬುದು ನಮ್ಮ ಹಿರಿಯರಿಗೂ ಗೊತ್ತಿತ್ತಲ್ಲವೇ? ಅಲ್ಲಿ ಬೆಟ್ಟಗಳಿಂದ ಉದುರಿದ ಕಲ್ಲುಮಣ್ಣೇ ಹೊಟ್ಟಿನ ಕೆಲಸ ಮಾಡಿದೆ.

ಬೆಟ್ಟದ ನೆತ್ತಿಯ ಮೇಲೆ

ಕುಳಿಗಳ ಮಾತಾಯಿತು, ಇನ್ನು ಬೆಟ್ಟಗಳು. ಮಂಗಳದ ಸಮಭಾಜಕದ ಬಳಿ ಥಾರ್ಸಿಸ್ ಎಂಬ ವಿಶಾಲ ಪ್ರಸ್ಥಭೂಮಿಯಿದೆ. ಅದರ ಮೇಲೆ ಸಾಲಾಗಿ ಮೂರು ದೊಡ್ಡ ಜ್ವಾಲಾಮುಖಿಗಳು, ತುಸು ದೂರದಲ್ಲಿ ಒಲಿಂಪಸ್. 1971ರ ನವೆಂಬರಿನಲ್ಲಿ ಮ್ಯಾರಿನರ್-9 ನೌಕೆ ಮಂಗಳವನ್ನು ತಲುಪಿದಾಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ಆ ಧೂಳಿನ ಮೇಲೆ ತಲೆ ಎತ್ತಿ ಕಂಡದ್ದು ಈ ನಾಲ್ಕು ನೆತ್ತಿಗಳು ಮಾತ್ರ.

ನಮ್ಮ ಘಟ್ಟದಲ್ಲಿ ಗಾಳಿ ಮೇಲೇರುತ್ತಾ ತಣಿದು ಮೋಡ ಕಟ್ಟುವಂತೆ, ಇಲ್ಲಿಯೂ ಇಳಿಜಾರನ್ನೇರುವ ಗಾಳಿ ಮೋಡ ಕಟ್ಟುತ್ತದೆ. ಮೂರರಲ್ಲಿ ದಕ್ಷಿಣದ ಆರ್ಸಿಯಾ ಬೆಟ್ಟದಿಂದ ವರ್ಷದ ಒಂದು ಋತುವಿನಲ್ಲಿ ಪ್ರತಿದಿನ ಸೂರ್ಯೋದಯದ ಹೊತ್ತಿಗೆ ಒಂದು ಬಿಳಿ ಮೋಡ ಹೊರಟು, ಕೆಲವೇ ಗಂಟೆಗಳಲ್ಲಿ 1,800 ಕಿ.ಮೀ.ವರೆಗೂ ಬಾಲದಂತೆ ಚಾಚಿ, ಮಧ್ಯಾಹ್ನಕ್ಕೆ ಮುನ್ನ ಮಾಯವಾಗುತ್ತದೆ. 2018ರಲ್ಲಿ ಇದರ ಚಿತ್ರಗಳು ಬಂದಾಗ ಜ್ವಾಲಾಮುಖಿ ಹೊಗೆಯುಗುಳುತ್ತಿದೆ ಎಂದು ಹಲವರು ಭಾವಿಸಿದ್ದರು. ಅದು ನೀರಿನ ಹಿಮದ ಹರಳುಗಳ ಮೋಡ!

2024ರ ಜೂನ್‌ನಲ್ಲಿ ಇನ್ನೊಂದು ಅಚ್ಚರಿಯ ಸುದ್ದಿ ಬಂತು. ಧ್ರುವದಿಂದ ಬಹುದೂರ, ಸಮಭಾಜಕದ ಬಳಿಯಿರುವ ಈ ಬೆಟ್ಟಗಳ ನೆತ್ತಿಯ ಬಾಣಲೆಯಂತಹ ಗುಂಡಿಗಳಲ್ಲಿ ನೀರಿನ ಇಬ್ಬನಿ ಹೆಪ್ಪುಗಟ್ಟಿರುವುದು ಕಂಡಿತು. ಅದರ ದಪ್ಪ ತಲೆಗೂದಲಿನ ಎಳೆಗಿಂತಲೂ ಕಡಿಮೆ. ಮುಂಜಾನೆ ಕೆಲವು ತಾಸು ಇದ್ದು ಬಿಸಿಲೇರಿದಾಗ ಹೋಗಿಬಿಡುತ್ತದೆ. ಅಷ್ಟು ತೆಳುವಾದರೂ ಹರಡಿರುವ ವಿಸ್ತಾರ ದೊಡ್ಡದಾದುದರಿಂದ ಚಳಿಗಾಲದಲ್ಲಿ ದಿನಕ್ಕೆ ಸುಮಾರು ಒಂದೂವರೆ ಲಕ್ಷ ಟನ್ ನೀರು ಹೀಗೆ ಗಾಳಿಯಿಂದ ನೆಲಕ್ಕೂ ನೆಲದಿಂದ ಗಾಳಿಗೂ ಹೋಗಿಬರುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು. ಬೆಟ್ಟವನ್ನೇರಿ ಬಂದ ಗಾಳಿ ಗುಂಡಿಯಲ್ಲಿ ಸುತ್ತಿ, ಅಲ್ಲಿ ತನ್ನದೇ ಆದ ಒಂದು ಪುಟ್ಟ ಹವಾಮಾನವನ್ನು ಕಟ್ಟಿದೆ.

ಹಿಂದೆ ಇದೇ ಬೆಟ್ಟಗಳಲ್ಲಿ ನೀರ್ಗಲ್ಲುಗಳೇ ಹರಿದಾಡಿದ್ದವು. ನಮ್ಮ ಭೂಮಿಯ ಓರೆಯನ್ನು ಚಂದ್ರ ಹಿಡಿದು ನಿಲ್ಲಿಸಿದ್ದಾನೆ. ಮಂಗಳಕ್ಕೆ ಅಂತಹ ದೊಡ್ಡ ಚಂದ್ರನಿಲ್ಲ. ಈಗ ಅದರ ಓರೆ ಸುಮಾರು 25 ಡಿಗ್ರಿಯಾದರೂ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಅದು ನಿಧಾನವಾಗಿ ತೊನೆದಾಡುತ್ತದೆ. ಓರೆ 45 ಡಿಗ್ರಿಯ ಹತ್ತಿರ ಬಂದ ಕಾಲಗಳಲ್ಲಿ ಧ್ರುವಗಳ ಮೇಲೆ ಬಿಸಿಲು ಹೆಚ್ಚಾಗಿ, ಅಲ್ಲಿನ ಮಂಜುಗಡ್ಡೆ ಆವಿಯಾಗಿ, ಗಾಳಿಯೊಡನೆ ಬಂದು ಈ ಜ್ವಾಲಾಮುಖಿಗಳ ಪಶ್ಚಿಮದ ಇಳಿಜಾರಿನಲ್ಲಿ ಹಿಮವಾಗಿ ಸುರಿಯಿತು. ಆರ್ಸಿಯಾದ ಪಶ್ಚಿಮದಲ್ಲಿ ಆ ನೀರ್ಗಲ್ಲು ಬಿಟ್ಟುಹೋದ ಗುರುತು ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು ವಿಸ್ತಾರವಾಗಿದೆ. ಹಿಮ ಊರು ಬಿಟ್ಟು ಊರಿಗೆ ಹೋದರೂ, ಎಲ್ಲಿ ಇಳಿಯಬೇಕೆಂದು ಹೇಳಿದ್ದು ಬೆಟ್ಟವೇ.

ಭರವಸೆಯ ಕಣ್ಣು

ಈ ಸಂಶೋಧನೆಗಳಲ್ಲಿ ನಮ್ಮವರ ಪಾಲು ಏನೂ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2013ರ ನವೆಂಬರ್ 5ರಂದು ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಸುತ್ತತೊಡಗಿದ ಭಾರತದ ಮಂಗಳಯಾನವನ್ನು ಬೆಂಗಳೂರಿನಿಂದಲೇ ನಿಯಂತ್ರಿಸಲಾಗುತ್ತಿತ್ತು. ಆರು ತಿಂಗಳಿಗೆಂದು ಕಳುಹಿಸಿದ ನೌಕೆ 2022ರಲ್ಲಿ ಸಂಪರ್ಕ ಕಡಿಯುವವರೆಗೆ ಸುಮಾರು ಎಂಟು ವರ್ಷ ಬಾಳಿತು. ಅದರ ಕಾರ್ಯಾಚರಣೆಯ ಹೊಣೆ ಹೊತ್ತವರಲ್ಲಿ ರಿತು ಕರಿಧಾಲ್, ನಂದಿನಿ ಹರಿನಾಥ್ ಎಂಬ ಮಹಿಳೆಯರಿದ್ದರು.

ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಅನ್ನದ ನಂಟಿರುವ ಯು.ಎ.ಇ. ದೇಶ 2020ರ ಜುಲೈನಲ್ಲಿ ಮಂಗಳಕ್ಕೆ ಒಂದು ನೌಕೆಯನ್ನು ಕಳುಹಿಸಿತು. ಹೆಸರು 'ಅಲ್-ಅಮಲ್', ಅಂದರೆ ಭರವಸೆ. 2021ರ ಫೆಬ್ರವರಿ 9ರಂದು ಅದು ಮಂಗಳವನ್ನು ತಲುಪಿತು. ಅದು ಹೋದದ್ದೇ ಮಂಗಳದ ಹವಾಮಾನವನ್ನು ಬೆಳಗಿನಿಂದ ರಾತ್ರಿಯವರೆಗೆ, ಎಲ್ಲ ಋತುಗಳಲ್ಲೂ ನೋಡಲೆಂದು. ಮೊತ್ತಮೊದಲು ಬಿಡುಗಡೆಯಾದ ಅದರ ಚಿತ್ರದಲ್ಲಿ ಮುಂಜಾನೆಯ ಬೆಳಕಿಗೆ ಮುಖವೊಡ್ಡಿದ ಒಲಿಂಪಸ್ ಬೆಟ್ಟ, ಅದರಾಚೆ ಥಾರ್ಸಿಸಿನ ಮೂರು ಜ್ವಾಲಾಮುಖಿಗಳು ಕಾಣುತ್ತಿದ್ದವು. ಈ ಯೋಜನೆಯ ವಿಜ್ಞಾನ ವಿಭಾಗದ ನೇತೃತ್ವ ವಹಿಸಿದವರು ಸಾರಾ ಅಲ್ ಅಮೀರಿ ಎಂಬ ಮುಸ್ಲಿಮ್ ಮಹಿಳೆ. ವಿಜ್ಞಾನಿಗಳ ಆ ತಂಡದಲ್ಲಿ ಬಹುಪಾಲು ಹೆಣ್ಣುಮಕ್ಕಳೇ ಇದ್ದರು. "ಹುಡುಗಿಗೆ ಇಷ್ಟು ಓದು ಸಾಕು" ಎಂಬ ಮಾತು ನಿಮ್ಮ ಮನೆಯಲ್ಲಿ ಕೇಳಿಬಂದರೆ, ಸಹೋದರಿ, ಈ ಹೆಸರನ್ನು ಒಮ್ಮೆ ನೆನಪಿಸಿಕೊಡಿ.

ನಮ್ಮ ಗುಡ್ಡಗಳತ್ತ

ಇಷ್ಟು ದೂರದ ಹಿಮದಿಂದ ನಮಗೇನು ಎಂಬ ಪ್ರಶ್ನೆ ಸಹಜ. ನಮ್ಮ ನೆಲದ ಮೇಲೂ ಅದೇ ನಿಯಮ ನಡೆಯುತ್ತಿದೆ. ಅರಬಿ ಸಮುದ್ರದಿಂದ ಬರುವ ಮುಂಗಾರು ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಂತಿರುವುದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದೇ ಘಟ್ಟದ ಮರೆಯಲ್ಲಿರುವ ಚಳ್ಳಕೆರೆಗೆ ಸಿಗುವುದು ಐನೂರು ಮಿಲಿಮೀಟರಿನ ಆಸುಪಾಸು. ಒಂದೇ ರಾಜ್ಯ, ಒಂದೇ ಗಾಳಿ. ಒಂದು ಕಡೆ ಅಡಿಕೆ, ಮತ್ತೊಂದು ಕಡೆ ಕುರಿ ಮೇಯುವ ಹುಲ್ಲುಗಾವಲು. ನಮ್ಮ ಊಟ, ಉಡುಗೆ, ಮನೆಯ ಮಾಡು, ಬಾವಿಯ ಆಳ ಎಲ್ಲದರಲ್ಲೂ ಈ ಬೆಟ್ಟಸಾಲಿನ ಸಹಿಯಿದೆ.

ಒಂದು ಗುಡ್ಡವನ್ನು ಕಡಿದ ಮಾತ್ರಕ್ಕೆ ಮುಂಗಾರು ದಾರಿ ಬದಲಿಸುವುದಿಲ್ಲ. ಮಂಗಳದಲ್ಲಿ ಗಾಳಿಯನ್ನು ತಿರುಗಿಸಲು 2,300 ಕಿ.ಮೀ. ಅಗಲದ ಕುಳಿಯೇ ಬೇಕಾಯಿತು. ಆದರೆ ಗುಡ್ಡದ ಇಳಿಜಾರನ್ನು ರಸ್ತೆಗೆಂದೋ ಮನೆ ನಿವೇಶನಕ್ಕೆಂದೋ ನೆಟ್ಟಗೆ ಕತ್ತರಿಸಿದಾಗ, ಮರಗಳನ್ನು ಕಡಿದಾಗ, ತೋಡುಗಳನ್ನು ಮುಚ್ಚಿದಾಗ ನೀರು ಇಂಗುವ, ಹರಿಯುವ ದಾರಿ ತಪ್ಪುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರು, ಅದೇ ತಿಂಗಳ 30ರಂದು ವಯನಾಡು. ಎಲ್ಲೆಡೆಯೂ ವಿಪರೀತ ಮಳೆ ಸುರಿದಿತ್ತು ನಿಜ. ಆದರೆ ಮಳೆಯ ಭಾರವನ್ನು ತಡೆದುಕೊಳ್ಳುವ ಶಕ್ತಿ ಇಳಿಜಾರಿನಲ್ಲಿ ಎಷ್ಟು ಉಳಿದಿದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿರುವ ವಿಷಯ. ಮನೆ ಕಟ್ಟಲು ಜಾಗ ನೋಡುವಾಗ ಬೆಲೆಯನ್ನು ಕೇಳುವಂತೆಯೇ ಮಳೆನೀರು ಎತ್ತ ಹರಿಯುತ್ತದೆ, ಹಿಂದಿನ ಬರೆಯನ್ನು ಎಷ್ಟು ಎತ್ತರಕ್ಕೆ ಕಡಿದಿದ್ದಾರೆ ಎಂದು ಕೇಳುವುದನ್ನೂ ನಾವು ರೂಢಿಸಿಕೊಳ್ಳಬೇಕು. ಆ ಮನೆಯಲ್ಲಿ ಮಕ್ಕಳೊಂದಿಗೆ ಹಗಲಿರುಳು ಇರುವವರು ಬಹುಪಾಲು ನಾವೇ ಅಲ್ಲವೇ?

ಮಕ್ಕಳೊಂದಿಗೆ ಮಾಡಿ ನೋಡಿ

ರಜಾದಿನ ಮಕ್ಕಳೊಡನೆ ಒಂದು ಚಿಕ್ಕ ಪ್ರಯೋಗ ಮಾಡಿ. ಅಗಲವಾದ ಹರಿವಾಣದ ನಡುವೆ ಒಂದು ಲೋಟವನ್ನು ಮಗುಚಿಡಿ. ಸುತ್ತಲೂ ಅಕ್ಕಿಹಿಟ್ಟನ್ನು ತೆಳುವಾಗಿ ಉದುರಿಸಿ. ಒಂದು ಬದಿಯಿಂದ ಬೀಸಣಿಗೆಯಿಂದ ಮೆಲ್ಲಗೆ, ಒಂದೇ ಸಮನೆ ಗಾಳಿ ಹಾಕಿ. ಲೋಟದ ಮುಂದೆ ಮತ್ತು ಬದಿಗಳಲ್ಲಿ ಹಿಟ್ಟು ಹಾರಿಹೋಗಿ, ಹಿಂಬದಿಯ ಮರೆಯಲ್ಲಿ ಉಳಿಯುವುದನ್ನು ಅವರು ಕಾಣುತ್ತಾರೆ. ಲೋಟವನ್ನು ಸರಿಸಿದರೆ ಹಿಟ್ಟು ನಿಲ್ಲುವ ಜಾಗವೂ ಸರಿಯುತ್ತದೆ. ಮಂಗಳದ ಧ್ರುವದಲ್ಲಿ ನಡೆಯುವುದು ಇದಕ್ಕಿಂತ ಎಷ್ಟೋ ಜಟಿಲ. ಆದರೂ ನೆಲದ ಆಕಾರ ಗಾಳಿಯನ್ನು ತಿದ್ದುತ್ತದೆ ಎಂಬ ಮೊದಲ ಪಾಠ ಆ ಹರಿವಾಣದಲ್ಲೇ ಸಿಗುತ್ತದೆ.

ಪವಿತ್ರ ಕುರ್‌ಆನ್ ವಿಜ್ಞಾನದ ಪಠ್ಯಪುಸ್ತಕವಲ್ಲ. ಆದರೆ ಒಂಟೆಯನ್ನು, ಆಕಾಶವನ್ನು, ಬೆಟ್ಟಗಳನ್ನು, ಹಾಸಿದ ಭೂಮಿಯನ್ನು ಕಣ್ತೆರೆದು ನೋಡುವಂತೆ ಅದು ಮನುಷ್ಯನನ್ನು ಕರೆಯುತ್ತದೆ. ಬೆಟ್ಟವನ್ನು ನೋಡುವುದೆಂದರೆ ಅದು ಗಾಳಿಗೆ ಏನು ಮಾಡುತ್ತದೆ, ನೀರಿಗೆ ಏನು ಮಾಡುತ್ತದೆ ಎಂದು ಕೇಳುವುದೂ ಹೌದು. ಯಾರೂ ವಾಸಿಸದ ಗ್ರಹದಲ್ಲೂ ಒಂದು ಕುಳಿಗೆ ಒಂದು ಕೆಲಸ, ಒಂದು ಬೆಟ್ಟಕ್ಕೆ ಒಂದು ಹೊಣೆ ಇದೆ. ಕೋಟ್ಯಂತರ ಜನ ಬದುಕುವ ನಮ್ಮ ನೆಲದ ಗುಡ್ಡಗಳನ್ನು ಅಲ್ಲಾಹನು ನಮಗೆ ಅಮಾನತ್ತಾಗಿ ಕೊಟ್ಟಿದ್ದಾನೆ. ಅಮಾನತ್ತನ್ನು ಪಡೆದವರು ಅದನ್ನು ಕೆಡಿಸದೆ ಮುಂದಿನವರ ಕೈಗೊಪ್ಪಿಸಬೇಕು. ಮುಂದಿನ ಮಳೆಗಾಲದಲ್ಲಿ ನಿಮ್ಮ ಊರಿನ ಗುಡ್ಡದ ತಲೆಯ ಮೇಲೆ ಮೋಡ ಕೂತಾಗ ಮಕ್ಕಳನ್ನು ಕರೆದು ತೋರಿಸಿ. ಆ ಮೋಡ ಅಲ್ಲೇ ಏಕೆ ಕೂತಿತು ಎಂದು ಅವರೇ ಹೇಳಲಿ.